ಸೋರುವ ಮಾಳಿಗೆ ಯಾರದು?

ಶಿಶುನಾಳ ಶರೀಫರ (1819–1889) ಸೋರುವ ಮಾಳಿಗೆಯ ಹಾಡನ್ನು ರಘು ದೀಕ್ಷಿತ್ 2008ರಲ್ಲಿ ಗಿಟಾರಿಗೆ ಹಾಕಿ ಹಾಡಿದರು. ರಾಜಾನುಕುಂಟೆಯ ನಮ್ಮ ಹುಡುಗರೂ ಅದಕ್ಕೆ ಕುಣೀತಾರೆ. ಕುಣೀಲಿ, ಬೇಡ ಅನ್ನೋಕೆ ನಾವ್ಯಾರು? ನಮ್ಮ ಜಗಳ ಅರ್ಥ ಹೇಳುವವರ ಜೊತೆ.

ಮಾಳಿಗೆ ಅಂದರೆ ದೇಹ, ಸೋರೋಕೆ ಕಾರಣ ಅಜ್ಞಾನ ಎನ್ನುತ್ತಾರೆ ಪಂಡಿತರು. ಒಪ್ಪಿದೆವು. ತತ್ವಪದವನ್ನು ಕ್ರಾಂತಿಗೀತೆ ಅಂದುಕೊಂಡ ತಪ್ಪು ನಮ್ಮಲ್ಲೂ ಇದೆ. ಆದರೆ ಮಣ್ಣಿನ ಮಾಳಿಗೆ ಸೋರುವುದನ್ನು ಕಂಡವರಿಗೇ ಅಲ್ಲವೇ ಆ ಮಾತು ಹುಟ್ಟುವುದು? ಮನೆಯನ್ನು ಮರೆತು ಮಾಯೆಯನ್ನಷ್ಟೇ ಹಿಡಿಯುವುದು ಯಾವ ನ್ಯಾಯ?

ವೇದಿಕೆಯ ನಾಯಕರದು ಇನ್ನೊಂದಾಟ. ಶರೀಫರನ್ನು ಸೌಹಾರ್ದದ ಪಟ ಮಾಡಿ ಹಾರ ಹಾಕಿದರೆ ಅವರ ಕೆಲಸ ಮುಗೀತು. ಅಮೆರಿಕದಲ್ಲೂ ಇದೇ ಕಥೆ. 1984ರಲ್ಲಿ ಬಂದ ಬ್ರೂಸ್ ಸ್ಪ್ರಿಂಗ್‌ಸ್ಟೀನರ 'ಬಾರ್ನ್ ಇನ್ ದಿ ಯು.ಎಸ್.ಎ.' ವಿಯೆಟ್ನಾಂ ಯುದ್ಧದಿಂದ ಮರಳಿ ಕೆಲಸ ಸಿಗದವನ ಸಂಕಟ. ಜನ ಅದನ್ನೇ ದೇಶಭಕ್ತಿಗೀತೆ ಎಂದು ಕೂಗಿದರು. ಅದೇ ವರ್ಷ ಅಧ್ಯಕ್ಷ ರೇಗನ್ ಚುನಾವಣಾ ಭಾಷಣದಲ್ಲಿ ಆ ಗಾಯಕನ ಹಾಡುಗಳಲ್ಲಿ ಭರವಸೆ ಕಂಡರು. ಕೆಲಸವಿಲ್ಲದವನು ಮಾತ್ರ ಕಾಣಲಿಲ್ಲ.

ನಮ್ಮ ಕೇರಿಯ ಶೀಟಿನ ಮನೆಗಳು ಮಳೆ ಬಂದರೆ ಸೋರ್ತವೆ. ಪಾತ್ರೆ ಇಟ್ಟು ಮಕ್ಕಳನ್ನು ಮೂಲೆಗೆ ಸರಿಸಿ ರಾತ್ರಿ ಕಳೀತೀವಿ. ಅರ್ಥ ಹೇಳೋ ದೊಡ್ಡವರೇ, ಒಂದು ಮಳೆಗಾಲದ ರಾತ್ರಿ ಇಲ್ಲಿ ಬಂದು ಮಲಗಿ. ಬೆಳಗ್ಗೆ ಎದ್ದು ಹೇಳಿ: ಮಾಳಿಗೆ ಯಾರದು? ಅಜ್ಞಾನ ಯಾರದು?