ದೋಷ ಮಂಡಲದ್ದು, ಮಾಧ್ಯಮದ್ದಲ್ಲ



ಕಂಪ್ಯೂಟರಿನಲ್ಲಿ ವಿದ್ಯುನ್ಮಂಡಲ ಕಟ್ಟಿ ಪರೀಕ್ಷಿಸುವಾಗ ‘ಸಿಂಗ್ಯುಲರ್ ಮ್ಯಾಟ್ರಿಕ್ಸ್’ ಎಂಬ ದೋಷಸೂಚನೆ ಬಂತೆಂದು, ಕನ್ನಡ ಮಾಧ್ಯಮವನ್ನು ದೂರಿ ಮಗುವಿನ ಟಿ.ಸಿ. ಕೇಳಲು ಹೊರಡಬೇಡಿ. 1973ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಹೊರಬಂದ ‘ಸ್ಪೈಸ್’ ಮಾದರಿಯ ತಂತ್ರಾಂಶಗಳಲ್ಲಿ ಇದಕ್ಕೆ ಸಾಮಾನ್ಯ ಕಾರಣವೆಂದರೆ, ಮಂಡಲಕ್ಕೆ ‘ಗ್ರೌಂಡ್’ ಜೋಡಿಸದಿರುವುದು.

ವೋಲ್ಟೇಜ್ ಎಂದರೆ ಎರಡು ಬಿಂದುಗಳ ನಡುವಿನ ವ್ಯತ್ಯಾಸ. ಒಂದು ಬಿಂದುವನ್ನು ಸೊನ್ನೆಯೆಂದು ಗುರುತಿಸದಿದ್ದರೆ ಲೆಕ್ಕ ಮುಂದೆ ಸಾಗದು. ನಮ್ಮ ಬೆಟ್ಟದ ಎತ್ತರ ಹೇಳಲೂ ಸಮುದ್ರಮಟ್ಟ ಬೇಕಲ್ಲವೇ? ತಾಳವಾಡಿಯ ಮಗು ಇದನ್ನು ಕನ್ನಡದಲ್ಲೇ ಗ್ರಹಿಸಿ, ತಪ್ಪನ್ನು ತಾನೇ ಸರಿಪಡಿಸಬಲ್ಲದು. ಅದಕ್ಕೆ ಬೇಕಾದುದು ಕನ್ನಡದಲ್ಲಿ ಬಿಡಿಸಿ ಹೇಳುವ ಶಿಕ್ಷಕರು.

1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿ ಮಾತೃಭಾಷಾ ಬೋಧನೆಯ ಸೌಲಭ್ಯವನ್ನು ಪ್ರಾಥಮಿಕ ಹಂತಕ್ಕಷ್ಟೇ ಹೇಳುತ್ತದೆ. ಇಂತಹ ಪಾಠಗಳು ಬರುವುದು ಅದರ ಮೇಲಿನ ತರಗತಿಗಳಲ್ಲಿ. ಆದ್ದರಿಂದ ಅಲ್ಲಿಯೂ ಕಂಪ್ಯೂಟರ್ ಪಾಠ ಕನ್ನಡದಲ್ಲೇ ನಡೆಯಬೇಕೆಂದು ಮುಂದಿನ ಪೋಷಕರ ಸಭೆಯಲ್ಲಿ ಲಿಖಿತವಾಗಿ ಒತ್ತಾಯಿಸಿ.