ಇದ್ದಲು ಎಣ್ಣೆಯಾದ ಕಥೆ

ಇದ್ದಲನ್ನು ಹಾಲಿನಲ್ಲಿ ತೊಳೆದರೂ ಬೆಳ್ಳಗಾಗದೆಂಬುದು ನಮ್ಮ ಹಿರಿಯರ ಮಾತು. ಮನುಷ್ಯರ ಹುಟ್ಟುಗುಣದ ವಿಷಯದಲ್ಲಿ ಅದು ಎಷ್ಟರಮಟ್ಟಿಗೆ ಸತ್ಯವೆಂಬುದನ್ನು ನೀತಿಕೋವಿದರು ಹೇಳಬೇಕು. ಇದ್ದಲಿನ ವಿಷಯದಲ್ಲಿ ಮಾತ್ರ ಆ ಮಾತು ಈಗ ಪೂರ್ತಿಯಾಗಿ ನಿಲ್ಲುವುದಿಲ್ಲ. ಹಾಲಿನ ಬದಲು ಜಲಜನಕದಲ್ಲಿ ತೊಳೆದರೆ ಕಗ್ಗಪ್ಪಾದ ಕಲ್ಲಿದ್ದಲು ತಿಳಿನೀರಿನಂತಹ ಪೆಟ್ರೋಲಾಗಿ ಹರಿಯಬಲ್ಲುದೆಂದು ಇಪ್ಪತ್ತನೆಯ ಶತಮಾನದ ರಸಾಯನಶಾಸ್ತ್ರಜ್ಞರು ತೋರಿಸಿಕೊಟ್ಟರು. ಆದರೆ ತೊಳೆಯುವುದಕ್ಕೆ ನುರಿತ ಕೈಯೊಂದು ಬೇಕು. ಆ ಕೈಯ ಹೆಸರು ಕ್ರಿಯಾವರ್ಧಕ. ಈ ವಾರದ ಮಾತು ಅದನ್ನು ಕುರಿತದ್ದು.

ಕಲ್ಲಿದ್ದಲು, ಡಾಮರು, ಡೀಸೆಲ್, ಪೆಟ್ರೋಲು ಇವೆಲ್ಲವೂ ಒಂದೇ ಮನೆತನದವು. ಎಲ್ಲದರ ಮೈಯಲ್ಲಿಯೂ ಮುಖ್ಯವಾಗಿ ಇರುವುದು ಇಂಗಾಲ ಮತ್ತು ಜಲಜನಕ. ಭೇದವಿರುವುದು ಪ್ರಮಾಣದಲ್ಲಿ ಮತ್ತು ಅಣುಗಳ ಗಾತ್ರದಲ್ಲಿ. 10 ಇಂಗಾಲದ ಪರಮಾಣುಗಳಿಗೆ ಕಲ್ಲಿದ್ದಲಿನಲ್ಲಿ ಸುಮಾರು 8 ಜಲಜನಕದ ಪರಮಾಣುಗಳುಂಟು. ಭಾರವಾದ ಕಚ್ಚಾ ಎಣ್ಣೆಯಲ್ಲಿ ಸುಮಾರು 15. ಪೆಟ್ರೋಲು, ಡೀಸೆಲ್‌ಗಳಲ್ಲಿ 20ರ ಆಸುಪಾಸು. ಆದುದರಿಂದ ಭಾರವಾದುದನ್ನು ಹಗುರಮಾಡಬೇಕೆಂದರೆ ಮಾರ್ಗಗಳು ಎರಡೇ. ಹೊರಗಿನಿಂದ ಜಲಜನಕವನ್ನು ತಂದು ಸೇರಿಸಬೇಕು. ಇಲ್ಲವೇ ಹೆಚ್ಚಾದ ಇಂಗಾಲವನ್ನು ಕಿತ್ತು ಹೊರಗೆ ಹಾಕಬೇಕು. ಕೇಳುವುದಕ್ಕೆ ಇದು ಬಹಳ ಸುಲಭ. ಮಾಡಹೊರಟಾಗ ಅಣುಗಳು ಜಗ್ಗುವುದಿಲ್ಲ. ಅತಿಯಾಗಿ ಕಾಯಿಸಿದರೆ ಒಡೆಯುತ್ತವೆ, ನಿಜ. ಆದರೆ ಹೇಗೆಂದರೆ ಹಾಗೆ ಒಡೆದು, ಅರ್ಧ ಅನಿಲವಾಗಿ ಹಾರಿಹೋಗಿ, ಅರ್ಧ ಮಸಿಯಾಗಿ ಪಾತ್ರೆಗೆ ಅಂಟಿಕೊಳ್ಳುತ್ತವೆ.

ಕ್ರಿಯಾವರ್ಧಕಕ್ಕೆ ಕೆಲಸ ಇರುವುದು ಇಲ್ಲಿ. ನಮ್ಮ ತಾರ್ಕಿಕರು ಕಾರಣಗಳನ್ನು ವಿಂಗಡಿಸುವಾಗ, ಮಡಕೆಗೆ ಮಣ್ಣು ಉಪಾದಾನ ಕಾರಣ, ಕುಂಬಾರ ನಿಮಿತ್ತ ಕಾರಣ, ಅವನ ತಿಗುರಿ ಸಹಕಾರಿ ಎಂದು ಹೇಳುವುದುಂಟು. ತಿಗುರಿ ಇಲ್ಲದೆ ಮಡಕೆ ಏಳದು. ಆದರೂ ಸಿದ್ಧವಾದ ಮಡಕೆಯಲ್ಲಿ ತಿಗುರಿಯ ಒಂದು ಚೂರೂ ಇರುವುದಿಲ್ಲ. ಕ್ರಿಯಾವರ್ಧಕವೂ ಅಂತಹುದೇ. 1835ರಲ್ಲಿ ಸ್ವೀಡನ್ನಿನ ಬರ್ಜೀಲಿಯಸ್ ಇದಕ್ಕೆ ‘ಕೆಟಾಲಿಸಿಸ್’ ಎಂಬ ಹೆಸರಿಟ್ಟನು. ಗ್ರೀಕ್ ಮೂಲದ ಆ ಪದಕ್ಕೆ ಸಡಿಲಿಸುವುದು, ಬಿಚ್ಚುವುದು ಎಂದು ಅರ್ಥ. ‘ವರ್ಧಕ’ ಎಂಬ ನಮ್ಮ ಮಾತಿಗಿಂತ ‘ಬಿಚ್ಚುವುದು’ ಎಂಬ ಮಾತೇ ಕೆಲಸದ ಸ್ವರೂಪಕ್ಕೆ ಹತ್ತಿರವಾಗಿದೆಯೆಂದು ನನಗೆ ತೋರುತ್ತದೆ. ಕರಾವಳಿಯಿಂದ ಬಯಲುಸೀಮೆಗೆ ಹೋಗಬೇಕಾದವನು ಬೆಟ್ಟದ ನೆತ್ತಿಯನ್ನೇ ಹತ್ತಿ ಇಳಿಯಬೇಕಾಗಿಲ್ಲ. ಬಲ್ಲವರು ತೋರಿಸಿದರೆ ಕಣಿವೆಯ ಘಾಟಿಯಲ್ಲಿ ದಾಟಿಬಿಡಬಹುದು. ಕ್ರಿಯಾವರ್ಧಕ ಮಾಡುವುದು ಅಷ್ಟೇ: ಅಣುಗಳಿಗೆ ತಗ್ಗಿನ ದಾರಿಯೊಂದನ್ನು ತೆರೆದುಕೊಡುತ್ತದೆ. ಎರಡು ಊರುಗಳ ಎತ್ತರದ ಅಂತರವನ್ನು ಅದು ಬದಲಿಸುವುದಿಲ್ಲ. ದಾರಿಯ ಸುಂಕವನ್ನೂ ಮನ್ನಿಸುವುದಿಲ್ಲ. ಈ ಕೊನೆಯ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದಿನ ಕಥೆಯೆಲ್ಲ ಆ ಸುಂಕದ ಕಥೆ.

ಜಲಜನಕ ಸೇರಿಸುವ ಮೊದಲ ಮಾರ್ಗವನ್ನು ಹಿಡಿದವರು ಜರ್ಮನರು. ಅವರಿಗೆ ಕಲ್ಲಿದ್ದಲು ಬೇಕಾದಷ್ಟಿತ್ತು. ಎಣ್ಣೆಯ ಬಾವಿಗಳು ಇಲ್ಲವೆನ್ನುವಷ್ಟು ಕಡಮೆ. ಫ್ರೀಡ್ರಿಖ್ ಬೆರ್ಗಿಯಸ್ ಎಂಬ ತರುಣ ವಿಜ್ಞಾನಿ ಪುಡಿಮಾಡಿದ ಕಲ್ಲಿದ್ದಲನ್ನು ಎಣ್ಣೆಯಲ್ಲಿ ಕಲಸಿ, 400 ಡಿಗ್ರಿಗೂ ಮಿಕ್ಕ ಕಾವಿನಲ್ಲಿ, ವಾತಾವರಣದ ಒತ್ತಡದ ನೂರಾರು ಪಟ್ಟು ಒತ್ತಡದಲ್ಲಿ ಜಲಜನಕವನ್ನು ನುಗ್ಗಿಸಿ, ಅದನ್ನು ದ್ರವವಾಗಿಸಿದನು. 1913ರಲ್ಲಿ ಅದಕ್ಕೆ ಪೇಟೆಂಟ್ ಪಡೆದನು. ಆದರೆ ಪ್ರಯೋಗಶಾಲೆಯಲ್ಲಿ ಸಾಧಿಸಿದ್ದು ಕಾರ್ಖಾನೆಯಲ್ಲಿ ಸಾಧಿಸಲಿಲ್ಲ. ಹತ್ತಾರು ವರ್ಷಗಳ ಶ್ರಮವೂ ಕೈಯಲ್ಲಿದ್ದ ಹಣವೂ ಕರಗಿದ ಮೇಲೆ 1925ರಲ್ಲಿ ತನ್ನ ಹಕ್ಕುಗಳನ್ನು ಬಿ.ಎ.ಎಸ್.ಎಫ್. ಸಂಸ್ಥೆಗೆ ಮಾರಿಬಿಟ್ಟನು.

ಅವನ ಎದುರಿಗಿದ್ದ ತೊಡಕು ಗಂಧಕ. ಕಲ್ಲಿದ್ದಲಿನಲ್ಲಿ ಗಂಧಕ ಇದ್ದೇ ಇರುತ್ತದೆ. ಒಳ್ಳೆಯ ಕ್ರಿಯಾವರ್ಧಕಗಳೆಂದು ಹೆಸರಾದ ಲೋಹಗಳಿಗೆ ಅದು ವಿಷ. ಲೋಹದ ಮೈಗೆ ಅಂಟಿಕೊಂಡು, ಬೇರೆ ಯಾವ ಅಣುವೂ ಹತ್ತಿರ ಸುಳಿಯದಂತೆ ಮಾಡುತ್ತದೆ. ಬಿ.ಎ.ಎಸ್.ಎಫ್.ನ ಮಥಿಯಾಸ್ ಪಿಯರ್ ಮತ್ತು ಅವನ ಸಂಗಡಿಗರು ಇದಕ್ಕೆ ಕಂಡುಹಿಡಿದ ಉಪಾಯ ಸ್ವಾರಸ್ಯವಾದುದು. ವಿಷವನ್ನು ದೂರವಿಡುವುದು ಸಾಧ್ಯವಿಲ್ಲವಾದರೆ ವಿಷವನ್ನು ಮೊದಲೇ ಕುಡಿದು ಅರಗಿಸಿಕೊಂಡ ಲೋಹವನ್ನೇ ತಂದರಾಯಿತು! ಮಾಲಿಬ್ಡಿನಮ್ ಮತ್ತು ಟಂಗ್‌ಸ್ಟನ್ ಲೋಹಗಳು ಗಂಧಕದೊಡನೆ ಕೂಡಿ ಆದ ಸಲ್ಫೈಡುಗಳು ಗಂಧಕಕ್ಕೆ ಅಂಜುವುದಿಲ್ಲ. ನಂಜುಂಡನ ಕೊರಳಿಗೆ ನಂಜು ಭೂಷಣವಾದಂತೆ, ಇವಕ್ಕೆ ಗಂಧಕವೇ ಬಲ. ಕೆಲಸವನ್ನು ಅವರು ಎರಡು ಹಂತಗಳಾಗಿಯೂ ಒಡೆದರು: ಮೊದಲು ಇದ್ದಲನ್ನು ಮಂದವಾದ ಎಣ್ಣೆಯಾಗಿಸುವುದು, ಬಳಿಕ ಆ ಎಣ್ಣೆಯ ಆವಿಯನ್ನು ಪೆಟ್ರೋಲಾಗಿಸುವುದು. 1927ರ ಏಪ್ರಿಲಿನಲ್ಲಿ ಲಾಯ್ನಾ ಎಂಬ ಊರಿನ ಕಾರ್ಖಾನೆಯಿಂದ ಇದ್ದಲಿನ ಪೆಟ್ರೋಲು ಹೊರಬಿದ್ದಿತು. 1931ರಲ್ಲಿ ಬೆರ್ಗಿಯಸ್‌ಗೂ ಕಾರ್ಲ್ ಬಾಷ್‌ಗೂ ನೊಬೆಲ್ ಪಾರಿತೋಷಕ ಒಟ್ಟಿಗೆ ಸಂದಿತು.

ಇದೇ ಕಾಲದಲ್ಲಿ ಮ್ಯೂಲ್‌ಹೈಮ್ ಎಂಬಲ್ಲಿ ಫ್ರಾನ್ಸ್ ಫಿಷರ್ ಮತ್ತು ಹಾನ್ಸ್ ಟ್ರಾಪ್ಶ್ ಇನ್ನೊಂದು ಬಗೆಯನ್ನು ಸಾಧಿಸಿದರು. ಹಳೆಯ ಮನೆಯನ್ನು ದುರಸ್ತಿ ಮಾಡುವುದಕ್ಕಿಂತ ಕೆಡವಿ ಕಟ್ಟುವುದೇ ಲೇಸೆಂಬಂತೆ, ಅವರು ಹಬೆಯ ನೆರವಿನಿಂದ ಇದ್ದಲನ್ನು ಇಂಗಾಲದ ಮಾನಾಕ್ಸೈಡ್ ಮತ್ತು ಜಲಜನಕವಾಗಿ ಪೂರ್ತಿ ಬಿಡಿಸಿ, ಕೋಬಾಲ್ಟ್ ಅಥವಾ ಕಬ್ಬಿಣದ ಕ್ರಿಯಾವರ್ಧಕದ ಮೇಲೆ ಹೊಸದಾಗಿ ಎಣ್ಣೆಯ ಅಣುಗಳನ್ನು ಹೆಣೆದರು.

ವಿದ್ಯೆ ಕೈಗೆ ಬಂದಿತು, ಲಾಭ ಬರಲಿಲ್ಲ. ಜಲಜನಕವನ್ನು ತಯಾರಿಸಲೂ ಕಲ್ಲಿದ್ದಲೇ ಬೇಕು. ಕಾವಿಗೂ ಒತ್ತಡಕ್ಕೂ ಬೇಕು. ಒಂದು ಟನ್ನು ಪೆಟ್ರೋಲು ಕೊಡಬೇಕಾದರೆ ಹಲವು ಟನ್ನು ಇದ್ದಲು ಖರ್ಚಾಗುತ್ತದೆ. ಅಷ್ಟರಲ್ಲಿ ಅಮೆರಿಕದ ಟೆಕ್ಸಾಸಿನಲ್ಲಿ ಎಣ್ಣೆ ಹೊಳೆಯಾಗಿ ಹರಿದು, ಬೆಲೆ ಕುಸಿಯಿತು. ಇದ್ದಲಿನ ಪೆಟ್ರೋಲನ್ನು ಅಸಲಿಗೂ ಕೊಳ್ಳುವವರಿಲ್ಲ. ಆಗ, 1933ರ ಡಿಸೆಂಬರಿನಲ್ಲಿ, ಲಾಯ್ನಾದ ಒಡೆತನ ಪಡೆದಿದ್ದ ಐ.ಜಿ. ಫಾರ್ಬೆನ್ ಸಂಸ್ಥೆ ಹಿಟ್ಲರನ ಸರ್ಕಾರದೊಡನೆ ಒಪ್ಪಂದ ಮಾಡಿಕೊಂಡಿತು. ಸಂಸ್ಥೆ ಪೆಟ್ರೋಲಿನ ಉತ್ಪಾದನೆಯನ್ನು ಹೆಚ್ಚಿಸತಕ್ಕದ್ದು. ಹತ್ತು ವರ್ಷಗಳ ಕಾಲ ನಷ್ಟವಾಗದ ಬೆಲೆಗೆ ಸರ್ಕಾರ ಹೊಣೆಯಾಗತಕ್ಕದ್ದು. ಪೇಟೆಯಲ್ಲಿ ನಿಲ್ಲಲಾರದ ಸರಕು ಯುದ್ಧದ ಹೆಗಲೇರಿ ನಿಂತಿತು.

ಆ ಸುಂಕವನ್ನು ತೆತ್ತವರು ಯಾರು? 1944ರ ಆರಂಭದಲ್ಲಿ ಜರ್ಮನಿಯ ಕಾರ್ಖಾನೆಗಳಿಂದ ದಿನಕ್ಕೆ 1,24,000 ಪೀಪಾಯಿಗೂ ಮಿಕ್ಕ ಕೃತಕ ಇಂಧನ ಬರುತ್ತಿತ್ತು. ಅದರ ಯುದ್ಧವಿಮಾನಗಳು ಹಾರುತ್ತಿದ್ದುದು ಬಹುಮಟ್ಟಿಗೆ ಇದ್ದಲಿನ ಪೆಟ್ರೋಲಿನಿಂದಲೇ. ಆಷ್‌ವಿಟ್ಸ್ ಬಂದೀಶಿಬಿರದ ಬಳಿ ಮೊನೋವಿಟ್ಸ್ ಎಂಬಲ್ಲಿ ಅದೇ ಸಂಸ್ಥೆ ಕೃತಕ ರಬ್ಬರಿಗೂ ಇಂಧನಕ್ಕೂ ದೊಡ್ಡ ಕಾರ್ಖಾನೆಯನ್ನು ಕಟ್ಟಿಸಿತು. ಕಟ್ಟಿದವರು ಸೆರೆಯಾಳುಗಳು. ಸಾವಿರಾರು ಮಂದಿ ಹಸಿವಿನಿಂದ, ಹೊಡೆತದಿಂದ, ದುಡಿಮೆಯಿಂದ ಸತ್ತರು. ದುಡಿಯಲಾರದವರನ್ನು ವಿಷದ ಕೋಣೆಗೆ ಕಳುಹಿಸಿದರು. ಉಳಿದುಬಂದ ಕೆಲವರಲ್ಲಿ ಇಟಲಿಯ ರಸಾಯನಶಾಸ್ತ್ರಜ್ಞ ಪ್ರೀಮೋ ಲೆವಿಯೂ ಒಬ್ಬನು. ಅವನ ಗ್ರಂಥಗಳಿಂದ ಲೋಕಕ್ಕೆ ಅಲ್ಲಿನ ಬದುಕು ತಿಳಿಯಿತು. 1944ರ ಮೇ 12ರಂದು ಅಮೆರಿಕದ ವಿಮಾನಗಳು ಲಾಯ್ನಾ ಮೊದಲಾದ ಕಾರ್ಖಾನೆಗಳ ಮೇಲೆ ಬಾಂಬಿನ ಮಳೆ ಸುರಿದುವು. ಲಾಯ್ನಾ ಒಂದರ ಮೇಲೆಯೇ ಮುಂದೆ ಇಪ್ಪತ್ತಕ್ಕೂ ಹೆಚ್ಚು ಸಲ ದಾಳಿಯಾಯಿತು. ಇಂಧನವಿಲ್ಲದೆ ಜರ್ಮನಿಯ ವಿಮಾನಗಳು ನೆಲ ಹಿಡಿದುವು.

ಈಗ ಇಂಗಾಲ ಕೀಳುವ ಎರಡನೆಯ ಮಾರ್ಗ. ಇದರ ನಾಯಕ ಫ್ರಾನ್ಸಿನ ಯೂಜೀನ್ ಹೂಡ್ರಿ. ಮೊದಲನೆಯ ಮಹಾಯುದ್ಧದಲ್ಲಿ ಟ್ಯಾಂಕು ದಳದಲ್ಲಿದ್ದು ಗಾಯಗೊಂಡವನು. ಕಾರುಗಳ ಪಂದ್ಯವೆಂದರೆ ಪ್ರಾಣ. ಒಳ್ಳೆಯ ಪೆಟ್ರೋಲಿಲ್ಲದೆ ಒಳ್ಳೆಯ ಎಂಜಿನ್ ಓಡದೆಂದು ಕಂಡು, ಅವನೂ ಮೊದಲಿಗೆ ತನ್ನ ದೇಶದ ಕಂದು ಕಲ್ಲಿದ್ದಲಿಗೇ ಕೈಹಾಕಿದನು. 1929ರಲ್ಲಿ ಒಂದು ಸ್ಥಾವರವೂ ನಡೆಯಿತು. ಗಿಟ್ಟುವುದಿಲ್ಲವೆಂದು ಸರ್ಕಾರ ಕೈಬಿಟ್ಟಿತು. ಆದರೆ ನೂರಾರು ವಸ್ತುಗಳನ್ನು ಪರೀಕ್ಷಿಸುತ್ತ ಹೋದ ಅವನಿಗೆ ಒಂದು ನಿಧಿ ಸಿಕ್ಕಿತ್ತು. ಅದು ಚಿನ್ನವಲ್ಲ, ಪ್ಲಾಟಿನಮ್ ಅಲ್ಲ. ಆಮ್ಲದಲ್ಲಿ ಹದಮಾಡಿದ ಜೇಡಿಮಣ್ಣು! ಭಾರವಾದ ಎಣ್ಣೆಯ ಆವಿಯನ್ನು ಅದರ ಮೇಲೆ ಹಾಯಿಸಿದರೆ ದೊಡ್ಡ ಅಣುಗಳು ಹದವಾಗಿ ಒಡೆದು ಉತ್ತಮ ಪೆಟ್ರೋಲಾಗುತ್ತಿದ್ದುವು.

ಕಷ್ಟವೆಂದರೆ, ಕಿತ್ತ ಇಂಗಾಲ ಎಲ್ಲಿಗೆ ಹೋಗಬೇಕು? ಅದು ಮಣ್ಣಿನ ಮೇಲೆಯೇ ಮಸಿಯಾಗಿ ಕೂರುತ್ತಿತ್ತು. ಕೆಲವು ನಿಮಿಷಗಳಲ್ಲಿ ಕ್ರಿಯಾವರ್ಧಕ ಕುರುಡಾಗುತ್ತಿತ್ತು. ಹೂಡ್ರಿ ಆ ಮಸಿಯನ್ನು ಗಾಳಿಯಲ್ಲಿ ಸುಟ್ಟುಬಿಟ್ಟನು. ಮಣ್ಣು ಮತ್ತೆ ಹೊಸದಾಯಿತು. ಅಷ್ಟೇ ಅಲ್ಲ, ಮಸಿ ಸುಟ್ಟ ಕಾವೇ ಮುಂದಿನ ಎಣ್ಣೆಯನ್ನು ಒಡೆಯುವುದಕ್ಕೂ ಒದಗಿತು. ನಮ್ಮ ಆಲೆಮನೆಗಳಲ್ಲಿ ಹಾಲು ಹಿಂಡಿದ ಕಬ್ಬಿನ ಸಿಪ್ಪೆಯನ್ನೇ ಒಲೆಗೆ ಹಾಕಿ ಬೆಲ್ಲ ಕಾಯಿಸುವುದಿಲ್ಲವೇ? ಹಾಗೆ. 1930ರಲ್ಲಿ ಅವನು ಅಮೆರಿಕಕ್ಕೆ ಹೋದನು. 1937ರಲ್ಲಿ ಪೆನ್ಸಿಲ್ವೇನಿಯಾದ ಮಾರ್ಕಸ್ ಹುಕ್‌ನಲ್ಲಿ ದಿನಕ್ಕೆ 12,000 ಪೀಪಾಯಿ ಒಡೆಯುವ ಸ್ಥಾವರ ನಿಂತಿತು. ಯುದ್ಧ ಬಂದಾಗ ಮಿತ್ರರಾಷ್ಟ್ರಗಳ ವಿಮಾನಗಳಿಗೆ ಬೇಕಾದ ಮೇಲ್ತರದ ಪೆಟ್ರೋಲಿಗೆ ಈ ಮಣ್ಣೇ ಆಧಾರವಾಯಿತು. ಒಂದು ಕಡೆ ಗಂಧಕ ಕುಡಿದ ಲೋಹ, ಇನ್ನೊಂದು ಕಡೆ ಮಸಿ ಸುಟ್ಟುಕೊಂಡ ಮಣ್ಣು. ಆಕಾಶದಲ್ಲಿ ಸೆಣಸಿದ್ದು ಇವೆರಡೂ ಹೌದು.

1942ರಲ್ಲಿ ಬ್ಯಾಟನ್ ರೂಷ್ ಎಂಬಲ್ಲಿ ಮಣ್ಣನ್ನು ನುಣ್ಣಗೆ ಪುಡಿಮಾಡಿ, ಆವಿಯ ರಭಸದಲ್ಲಿ ನೀರಿನಂತೆ ಹರಿಯಿಸುವ ಕ್ರಮ ಬಂದಿತು. ಕಣಗಳು ಒಂದು ಗೋಪುರದಲ್ಲಿ ಎಣ್ಣೆಯನ್ನು ಒಡೆದು, ಇನ್ನೊಂದರಲ್ಲಿ ಮಸಿ ಸುಟ್ಟುಕೊಂಡು ಮತ್ತೆ ಬರುತ್ತವೆ. 1960ರ ದಶಕದಲ್ಲಿ ಮಾಬಿಲ್ ಸಂಸ್ಥೆಯ ಪ್ಲ್ಯಾಂಕ್ ಮತ್ತು ರೊಸಿನ್ಸ್ಕಿ ಜೇಡಿಯ ಸ್ಥಾನದಲ್ಲಿ ಜಿಯೊಲೈಟ್ ಎಂಬ ಹರಳುಗಳನ್ನು ತಂದರು. ಅವುಗಳ ಒಳಗೆ ಅಣುವಿನ ಅಳತೆಯ ಓಣಿಗಳಿರುವುದರಿಂದ ಪೆಟ್ರೋಲು ಹೆಚ್ಚು, ಮಸಿ ಕಡಮೆ.

ಜರ್ಮನರ ವಿದ್ಯೆಯೂ ಯುದ್ಧದೊಡನೆ ಮಣ್ಣುಗೂಡಲಿಲ್ಲ. ದಕ್ಷಿಣ ಆಫ್ರಿಕದ ಸಾಸೋಲ್ ಸಂಸ್ಥೆ 1955ರಲ್ಲಿ ಫಿಷರ್–ಟ್ರಾಪ್ಶ್ ಕ್ರಮದಿಂದ ಇದ್ದಲಿನ ಪೆಟ್ರೋಲು ತೆಗೆಯಿತು. ವರ್ಣದ್ವೇಷದ ಸರ್ಕಾರಕ್ಕೆ ಹೊರಗಿನವರು ಎಣ್ಣೆ ಕೊಡಲೊಲ್ಲದ ದಿನಗಳಲ್ಲಿ ಅದರ ಆಸರೆಗೆ ಒದಗಿದ್ದು ಅದೇ ಕಬ್ಬಿಣದ ಪುಡಿ. ತಿಗುರಿಗೆ ಹಾಲಿನ ಮಡಕೆಯೂ ಒಂದೇ, ವಿಷದ ಮಡಕೆಯೂ ಒಂದೇ.

ಪಿಯರ್ ತೋರಿಸಿದ ಸಲ್ಫೈಡುಗಳಾದರೋ ಇಂದು ನಮ್ಮ ನಾಡಿನಲ್ಲಿಯೇ ದುಡಿಯುವ ಬಗೆಯವು. ಮಂಗಳೂರಿನ ತೈಲ ಶುದ್ಧೀಕರಣ ಕಾರ್ಖಾನೆ 1996ರಲ್ಲಿ ಕೆಲಸ ಆರಂಭಿಸಿತು. ಅಲ್ಲಿ ಜಲಜನಕ ಸೇರಿಸಿ ಭಾರವಾದ ಎಣ್ಣೆಯನ್ನು ಒಡೆಯುವ ಹೈಡ್ರೋಕ್ರ್ಯಾಕರುಗಳು ಎರಡು ಇವೆ. ಇಂತಹ ಸ್ಥಾವರಗಳಲ್ಲಿಯೂ ಗಂಧಕ ತೆಗೆಯುವ ಸ್ಥಾವರಗಳಲ್ಲಿಯೂ ರೂಢಿಯಲ್ಲಿರುವುದು ಮಾಲಿಬ್ಡಿನಮ್, ಟಂಗ್‌ಸ್ಟನ್‌ಗಳ ಸಲ್ಫೈಡಿಗೆ ನಿಕ್ಕಲ್ ಅಥವಾ ಕೋಬಾಲ್ಟ್ ಬೆರೆಸಿದ ಕ್ರಿಯಾವರ್ಧಕ. ಪುಸ್ತಕದ ಹಾಳೆಗಳಂತೆ ಪದರಪದರವಾಗಿರುವ ಈ ಸಲ್ಫೈಡಿನಲ್ಲಿ ಕೆಲಸ ನಡೆಯುವುದು ಬಹುಮಟ್ಟಿಗೆ ಹಾಳೆಯ ಅಂಚಿನಲ್ಲಿ. 2020ರ ಏಪ್ರಿಲ್ 1ರಿಂದ ನಮ್ಮ ಪೆಟ್ರೋಲು, ಡೀಸೆಲ್‌ಗಳಲ್ಲಿ ಹತ್ತು ಲಕ್ಷ ಪಾಲಿಗೆ 10 ಪಾಲಿಗಿಂತ ಹೆಚ್ಚು ಗಂಧಕ ಇರಕೂಡದೆಂಬ ನಿಯಮ ಬಂದಿದೆ. ಅದಕ್ಕೆ ಮುಂಚೆ ಮಿತಿ 50 ಪಾಲು ಇತ್ತು. ನಮ್ಮ ಊರಿನ ಬಸ್ಸಿನ ಹಿಂದೆ ಉಸಿರಾಡುವ ಮಕ್ಕಳಿಗೆ ಇದೊಂದು ಉಪಕಾರ.

ಆದರೆ ಸುಂಕದ ಕಟ್ಟೆ ಹಾಗೆಯೇ ಇದೆ. ಸೇರಿಸುವ ಜಲಜನಕ ಆಕಾಶದಿಂದ ಬೀಳುವುದಿಲ್ಲ. ನೈಸರ್ಗಿಕ ಅನಿಲವನ್ನೋ ನಾಫ್ತಾವನ್ನೋ ಹಬೆಯೊಡನೆ ಕಾಯಿಸಿ ತೆಗೆಯುವುದೇ ಇಂದಿಗೂ ಸಾಮಾನ್ಯವಾದ ಕ್ರಮ. ಹೀಗೆ ಅನಿಲದಿಂದ ಒಂದು ಟನ್ನು ಜಲಜನಕ ತೆಗೆದಾಗ ಒಂಬತ್ತು ಹತ್ತು ಟನ್ನು ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಇಂಗಾಲ ಕೀಳುವ ಮಾರ್ಗದಲ್ಲಿಯೂ ಸುಟ್ಟ ಮಸಿ ಹೋಗುವುದು ಆಕಾಶಕ್ಕೇ. ಇದ್ದಲಿನಿಂದ ಪೆಟ್ರೋಲು ಮಾಡಿ ಓಡಿಸಿದರೆ, ಕಚ್ಚಾ ಎಣ್ಣೆಯ ಪೆಟ್ರೋಲಿನಿಂದ ಏಳುವುದಕ್ಕಿಂತ ಎಷ್ಟೋ ಹೆಚ್ಚು ಹೊಗೆ ಏಳುತ್ತದೆ. ಕಲ್ಲಿದ್ದಲು ಹೇರಳವಾಗಿ, ಎಣ್ಣೆ ಕೊರತೆಯಾಗಿ ಇರುವ ನಮ್ಮಂತಹ ದೇಶಕ್ಕೆ ಈ ವಿದ್ಯೆಯ ಆಸೆ ಸಹಜ. ಆಸೆಪಡುವವರು ಲೆಕ್ಕದ ಎರಡು ಪುಟಗಳನ್ನೂ ಓದಬೇಕು.

ಹೂಡ್ರಿಗೆ ಇದು ಮನಸ್ಸಿಗೆ ಹೊಳೆದಿರಬೇಕು. ಜಗತ್ತಿಗೆ ಅಷ್ಟೊಂದು ಪೆಟ್ರೋಲನ್ನು ಒದಗಿಸಿದ ಆತ ಕಡೆಗಾಲದಲ್ಲಿ ಅದರ ಹೊಗೆಯ ಚಿಂತೆಗೆ ಬಿದ್ದನು. ಕಾರಿನ ಹೊಗೆಯಲ್ಲಿರುವ ವಿಷವನ್ನು ಸುಡುವ ಕ್ರಿಯಾವರ್ಧಕವೊಂದಕ್ಕೆ 1956ರಲ್ಲಿ ಪೇಟೆಂಟ್ ಪಡೆದನು. ಆಗಿನ ಪೆಟ್ರೋಲಿಗೆ ಬೆರೆಸುತ್ತಿದ್ದ ಸೀಸ ಅದನ್ನು ಕೆಡಿಸುತ್ತಿದ್ದುದರಿಂದ ಅದು ಬಳಕೆಗೆ ಬರಲಿಲ್ಲ. 1962ರಲ್ಲಿ ಹೂಡ್ರಿ ತೀರಿಕೊಂಡನು. 1975ರ ವೇಳೆಗೆ ಅಮೆರಿಕದಲ್ಲಿ ಸೀಸವಿಲ್ಲದ ಪೆಟ್ರೋಲು ಬಂದಾಗ ಆ ಬಗೆಯ ಸಾಧನ ಕಾರುಗಳ ಅಡಿಗೆ ಸೇರಿತು. ಇಂದು ನಮ್ಮ ಬೀದಿಯ ಕಾರುಗಳಲ್ಲಿಯೂ ಉಂಟು. ವಿಷವಾದ ಮಾನಾಕ್ಸೈಡನ್ನು ಅದು ಡೈಆಕ್ಸೈಡ್ ಮಾಡಿ ಬಿಡುತ್ತದೆ. ಅಲ್ಲಿಂದ ಮುಂದಕ್ಕೆ ಅದರ ಕೈ ಸಾಗದು. ಉಳಿದ ಬಾಕಿಯನ್ನು ತೀರಿಸಬೇಕಾದವರು, ಎಣ್ಣೆ ಉರಿಸಿದ ನಾವು.