ಅಜ್ಜನ ಪಿಸ್ತೂಲಿಗೆ ನಿಕ್ಕಲ್ ಯಾಕೆ?

ಕೈಲ್ ಮುಹೂರ್ತ ಬಂತೆಂದರೆ ಕೊಡಗಿನ ಮನೆಗಳಲ್ಲಿ ಕೋವಿಗೆ ತೋಕ್‌ಪೂ ಮುಡಿಸಿ ಪೂಜೆ ಮಾಡುವುದು ಪದ್ಧತಿ. ಸೈನ್ಯದಲ್ಲಿದ್ದು ಬಂದ ಹಿರಿಯರ ಮನೆಯಾದರೆ ಪಕ್ಕದಲ್ಲೊಂದು ಹಳೇ ಪಿಸ್ತೂಲೂ ಇದ್ದೀತು. ಈಗಿನ ಹುಡುಗರಿಗೆ ಅದು ಹಳೇದಾಗಿ ಕಾಣೋದೇ ಬೇಸರ. ನಿಕ್ಕಲ್ ಹಾಕಿಸಬೇಕು, ಹಿಡಿಗೆ ಹೊಳೆಯೋ ಪಟ್ಟಿ ಕೂರಿಸಬೇಕು ಎಂಬ ಚಪಲ. ಇದು ಶೋಕಿಯ ವಿಷಯ ಮಾತ್ರ ಅಲ್ಲ ಸ್ವಾಮಿ.

ಜಾನ್ ಬ್ರೌನಿಂಗ್ ರೂಪಿಸಿ, ಅಮೆರಿಕದ ಕೋಲ್ಟ್ ಕಂಪನಿ 1903ರಲ್ಲಿ ಹೊರತಂದ .32 ಪಿಸ್ತೂಲನ್ನೇ ತೆಗೆದುಕೊಳ್ಳಿ. ಅದರ ನೀಲಿಗಪ್ಪು ಬಣ್ಣ ಬಳಿದದ್ದಲ್ಲ. ಉಕ್ಕಿನ ಮೈಮೇಲೆ ಹದವಾಗಿ ಬರಿಸಿದ ತೆಳು ಪದರ. ನಿಕ್ಕಲ್ ಹಿಡಿಯಬೇಕಾದರೆ ಮೊದಲು ಅದನ್ನು ತೆಗೆದು ಉಕ್ಕನ್ನು ಉಜ್ಜಬೇಕು. ಅಂಚು ಸವೆಯುತ್ತೆ, ಕಂಪನಿಯ ಕುದುರೆ ಗುರುತು ಮಸುಕಾಗುತ್ತೆ. ಹೋದ ಉಕ್ಕು ವಾಪಸು ಬರೋದಿಲ್ಲ. ಕಂಪನಿಯೇ ನಿಕ್ಕಲ್ ಮಾಡಿ ಮಾರಿಲ್ವ ಅಂತ ಕೇಳುವವರಿದ್ದಾರೆ. ಮಾರಿದೆ. ಹಾಗೆ ಬಂದದ್ದಾದರೆ ಅದೇ ಅಸಲು, ಅದನ್ನೂ ಕೆದಕಬಾರದು. ಸೋತ ಸ್ಪ್ರಿಂಗು ಬದಲಾಯಿಸುವುದು ಬೇರೆ ಮಾತು. ಅದು ರಿಪೇರಿ, ಅಲಂಕಾರ ಅಲ್ಲ.

ಇನ್ನು ಕಾನೂನು. 1959ರ ಆಯುಧ ಕಾಯಿದೆಯ 8ನೇ ಕಲಮಿನ ಪ್ರಕಾರ ನಂಬರು, ಗುರುತು ಅಳಿಸುವಂತಿಲ್ಲ. ಅಳಿಸಿದ್ದು ಯಾರೇ ಆಗಲಿ, ಆಯುಧ ಯಾರ ಕೈಲಿದೆಯೋ ಅವರೇ ಅಳಿಸಿದ್ದೆಂದು ಕಾನೂನು ಭಾವಿಸುತ್ತೆ. ಅಲ್ಲವೆಂದು ತೋರಿಸುವ ಹೊಣೆಯೂ ಅವರದೇ. ಲೈಸೆನ್ಸಿಲ್ಲದ ಪಾಲಿಶ್ ಅಂಗಡಿಯವನು ನಂಬರಿನ ಮೇಲೆ ಚಕ್ರ ಓಡಿಸಿದರೆ ಕೋರ್ಟು ಅಲೆಯೋದು ಮನೆ ಯಜಮಾನ! ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ 2029ರವರೆಗೆ ಸಿಕ್ಕಿರುವುದು ಕೋವಿ ಲೈಸೆನ್ಸಿನ ವಿನಾಯಿತಿ. ನಂಬರು ಉಜ್ಜುವ ವಿನಾಯಿತಿಯಲ್ಲ.

ಹಾಗಂತ ತಪ್ಪೆಲ್ಲ ಮನೆಯವರದೇ ಅಂತ ಹೇಳಿದರೆ ಅನ್ಯಾಯವಾದೀತು. ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸಿದ ಆಯುಧ ವಾರಗಟ್ಟಲೆ ಅಲ್ಲೇ ಇರುತ್ತದೆ. ತೇವದ ಕೋಣೆಯಲ್ಲಿ ಗೋಣಿಯ ಮೇಲೆ ಬಿದ್ದರೆ ಎಂಥ ಉಕ್ಕಿಗೂ ತುಕ್ಕೇ ಗತಿ. ತುಕ್ಕು ಕಂಡವನು ನಿಕ್ಕಲ್ ಅಂಗಡಿ ಹುಡುಕದೆ ಇನ್ನೇನು ಮಾಡ್ತಾನೆ?

ಆದ್ದರಿಂದ ನಮ್ಮ ಮಾತು ಎರಡೂ ಕಡೆಗೆ. ಪೊಲೀಸ್ ಇಲಾಖೆ ಒಣ ಕೋಣೆ, ಮರದ ಹಲಗೆ, ಒಂದಿಷ್ಟು ಎಣ್ಣೆ ಒದಗಿಸಲಿ. ಒಪ್ಪಿಸಿಕೊಳ್ಳುವಾಗಲೇ ಆಯುಧದ ಸ್ಥಿತಿಯನ್ನು ರಶೀದಿಯಲ್ಲಿ ಬರೆದುಕೊಡಲಿ. ಇದಕ್ಕೆ ಸರ್ಕಾರದ ಬೊಕ್ಕಸವೇನೂ ಬರಿದಾಗದು. ಮನೆಯವರು ಪಿಸ್ತೂಲನ್ನು ಚರ್ಮದ ಚೀಲದಲ್ಲಿ ಇಟ್ಟು ಮರೆಯಬೇಡಿ. ಚರ್ಮ ತೇವ ಹಿಡಿಯುತ್ತೆ. ಮಳೆಗಾಲದಲ್ಲಿ ಆಗಾಗ ಖಾಲಿ ಇದೆಯೇ ಎಂದು ನೋಡಿ, ಒರೆಸಿ, ತೆಳುವಾಗಿ ಎಣ್ಣೆ ಹಚ್ಚಿ ಬೀಗದೊಳಗಿಡಿ. ಅಜ್ಜನ ಕೈ ತಗುಲಿ ಸವೆದ ಜಾಗ ಹೊಳೆಯದಿದ್ದರೂ ಅದು ಅಜ್ಜನದೇ. ನಿಕ್ಕಲ್ ಯಾರಿಗೆ ಬೇಕಾದರೂ ದುಡ್ಡಿಗೆ ಸಿಗುತ್ತೆ.